ಘಟ್ಟವಿಳಿಯುವ ಪಾದಯಾತ್ರಿಗಳೂ ಕರಾವಳಿಯ ಸೆಕೆಯೂ

ಮಾಘ ಬಹುಳ ಚತುರ್ದಶಿ ಸಮೀಪಿಸಿತೆಂದರೆ ಚಿಕ್ಕಮಗಳೂರು, ಹಾಸನ, ಬೆಂಗಳೂರು ಕಡೆಗಳಿಂದ ಹೊರಟ ಪಾದಯಾತ್ರಿಗಳ ತಂಡಗಳು ಮೂಡಿಗೆರೆಯ ಹೆದ್ದಾರಿಯಲ್ಲಿ ಸಾಲುಗಟ್ಟುತ್ತವೆ. ಕಳಸ, ಬಾಳೂರು ಭಾಗದ ಭಕ್ತರು ಕೊಟ್ಟಿಗೆಹಾರದಲ್ಲಿ ಈ ಸಾಲನ್ನು ಕೂಡಿಕೊಳ್ಳುತ್ತಾರೆ. ಅಲ್ಲಿಂದ ಚಾರ್ಮಾಡಿ ಘಟ್ಟವನ್ನಿಳಿದು, ಉಜಿರೆಯನ್ನು ಹಾದು, ಧರ್ಮಸ್ಥಳದಲ್ಲಿ ಮಂಜುನಾಥನ ಸನ್ನಿಧಿಯಲ್ಲಿ ಶಿವರಾತ್ರಿಯ ಜಾಗರಣೆ ಮಾಡುವುದು ನಮ್ಮ ಸೀಮೆಯ ಅನೇಕ ಮನೆತನಗಳಲ್ಲಿ ನಡೆದುಬಂದ ಹರಕೆ. ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ, ಕಲ್ಲಂಗಡಿ ಹಣ್ಣು ಹಂಚುವ ಗೃಹಸ್ಥರ ಸೇವೆಯೂ ಸಣ್ಣದಲ್ಲ.

ಈ ಯಾತ್ರೆಯಲ್ಲಿ ಘಟ್ಟದ ತಿರುವುಗಳ ಬಗ್ಗೆ, ವಾಹನಗಳ ಬಗ್ಗೆ, ಆನೆಗಳ ಬಗ್ಗೆ ಹಿರಿಯರು ಎಚ್ಚರ ಹೇಳುತ್ತಾರೆ. ಆದರೆ ಘಟ್ಟ ಮುಗಿದ ಮೇಲೆ ಎದುರಾಗುವ ಸೆಕೆಯ ಬಗ್ಗೆ ಹೇಳುವವರು ವಿರಳ. ಮೂಡಿಗೆರೆಯು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಬೆಳಗ್ಗೆ ಕೊಟ್ಟಿಗೆಹಾರದ ಚಳಿಯಲ್ಲಿ ಶಾಲು ಹೊದ್ದು ಹೊರಟವನು ಅದೇ ದಿನ ಮಧ್ಯಾಹ್ನದ ಹೊತ್ತಿಗೆ ಕರಾವಳಿಯ ತಗ್ಗುನಾಡಿನ ತೇವದ ಗಾಳಿಯಲ್ಲಿ ನಡೆಯುತ್ತಿರುತ್ತಾನೆ. ದಾರಿ ಇಳಿಜಾರಾದುದರಿಂದ ಕಷ್ಟ ಮುಗಿಯಿತೆಂದು ಅವನು ಭಾವಿಸುತ್ತಾನೆ. ಶರೀರಕ್ಕಾದರೋ ಕಷ್ಟ ಆಗಷ್ಟೇ ಆರಂಭವಾಗಿರುತ್ತದೆ.

ಬಿಸಿಲು ಬೇರೆ, ಸೆಕೆ ಬೇರೆ. ನಮ್ಮ ಭಾಷೆಯೇ ಈ ಎರಡಕ್ಕೆ ಎರಡು ಮಾತುಗಳನ್ನಿಟ್ಟಿದೆ. ನಡೆಯುವಾಗ ಸ್ನಾಯುಗಳಲ್ಲಿ ಹುಟ್ಟುವ ಶಾಖವನ್ನು ಶರೀರವು ಮುಖ್ಯವಾಗಿ ಬೆವರಿನಿಂದ ಹೊರಹಾಕುತ್ತದೆ. ಬೆವರು ಸುರಿದರೆ ಸಾಲದು, ಅದು ಆವಿಯಾಗಬೇಕು. ಆವಿಯಾಗುವಾಗಲೇ ಅದು ಚರ್ಮದ ಶಾಖವನ್ನು ಹೊತ್ತೊಯ್ಯುವುದು. ಗಾಳಿಯಲ್ಲಿ ಮೊದಲೇ ನೀರಿನಂಶ ತುಂಬಿದ್ದರೆ ಬೆವರು ಆವಿಯಾಗದೆ ತೊಟ್ಟಿಕ್ಕುತ್ತದೆ, ಅಂಗಿ ಮೈಗಂಟುತ್ತದೆ, ಮೈ ತಂಪಾಗುವುದಿಲ್ಲ. ಹೀಗೆ ತೊಟ್ಟಿಕ್ಕಿದ ಬೆವರಿನಿಂದ ನೀರೂ ಉಪ್ಪೂ ನಷ್ಟವಾದುವೇ ಹೊರತು ಲಾಭವೇನೂ ಆಗಲಿಲ್ಲ.

ಉಷ್ಣಮಾಪಕದ ತುದಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡುವಲ್ಲಿಟ್ಟರೆ ಈ ಸಂಗತಿ ಕಣ್ಣಿಗೇ ಕಾಣುತ್ತದೆ. ಗಾಳಿಯ ತಾಪಮಾನ 34 ಡಿಗ್ರಿ ಸೆಲ್ಸಿಯಸ್ ಇದ್ದು, ಆರ್ದ್ರತೆ ಶೇ. 30 ಇದ್ದಾಗ ಒದ್ದೆ ಬಟ್ಟೆಯ ಮಾಪಕವು ಸುಮಾರು 21 ಡಿಗ್ರಿಗೆ ಇಳಿಯುತ್ತದೆ. ಆರ್ದ್ರತೆ ಶೇ. 70 ಇದ್ದರೆ ಅದು ಸುಮಾರು 29ರಲ್ಲಿಯೇ ನಿಲ್ಲುತ್ತದೆ. ನಡೆಯುವವನ ಬೆವರಿನ ಮೈಯೂ ಇಂಥ ಒದ್ದೆ ಬಟ್ಟೆಯೇ. ಅಮೆರಿಕದ ಪ್ಯಾರಿಸ್ ದ್ವೀಪದ ಸೈನಿಕ ಶಿಬಿರದಲ್ಲಿ 1950ರ ದಶಕದಲ್ಲಿ ತರುಣರು ಕವಾಯತಿನ ವೇಳೆ ಕುಸಿದುಬೀಳುತ್ತಿದ್ದಾಗ ಅಲ್ಲಿನ ವೈದ್ಯರು ಹೊಸದೊಂದು ಅಳತೆಯನ್ನು ಬಳಕೆಗೆ ತಂದರು. ಅದರಲ್ಲಿ ಹತ್ತರಲ್ಲಿ ಏಳು ಪಾಲು ತೂಕ ಒದ್ದೆ ಬಟ್ಟೆಯ ಮಾಪಕಕ್ಕೆ, ಎರಡು ಪಾಲು ಬಿಸಿಲಿನ ತಾಪಕ್ಕೆ. ನಾವು ದಿನವೂ ಪತ್ರಿಕೆಯಲ್ಲಿ ನೋಡುವ ಸಾಮಾನ್ಯ ತಾಪಮಾನಕ್ಕೆ ಒಂದೇ ಪಾಲು!

ನಮ್ಮ ಹವಾಮಾನ ಇಲಾಖೆಯೂ ಈ ಭೇದವನ್ನು ಒಪ್ಪಿದೆ. ಬಿಸಿಗಾಳಿಯ ಎಚ್ಚರಿಕೆ ಕೊಡಲು ಬಯಲುಸೀಮೆಯಲ್ಲಿ ತಾಪಮಾನ ಕನಿಷ್ಠ 40 ಡಿಗ್ರಿಯಾಗಬೇಕು, ಕರಾವಳಿಯಲ್ಲಿ 37 ಸಾಕು, ಗುಡ್ಡಗಾಡಿನಲ್ಲಿ 30 ಸಾಕು. ಜೊತೆಗೆ ಅದು ಆ ಕಾಲದ ವಾಡಿಕೆಯ ತಾಪವನ್ನು ಮೀರಿರಬೇಕು. 2025ರ ಫೆಬ್ರವರಿ ಕೊನೆಯ ವಾರದಲ್ಲಿ, ಬೇಸಿಗೆ ಇನ್ನೂ ಕಾಲಿಡುವ ಮೊದಲೇ, ಕರ್ನಾಟಕದ ಕರಾವಳಿಗೆ ಇಂಥ ಎಚ್ಚರಿಕೆ ಬಂದಿತ್ತು. ಆ ವರ್ಷದ ಮಹಾಶಿವರಾತ್ರಿ ಫೆಬ್ರವರಿ 26ರಂದು. ಪಾದಯಾತ್ರಿಗಳು ಘಟ್ಟವಿಳಿಯುವ ದಿನಗಳು ಅವೇ ಆಗಿದ್ದುವು. 2023ರ ಏಪ್ರಿಲ್ 16ರಂದು ಕರಾವಳಿಗೆ ಸೇರಿದ ನವಿ ಮುಂಬಯಿಯ ಖಾರ್ಘರ್‌ನಲ್ಲಿ ಪ್ರಶಸ್ತಿ ಪ್ರದಾನ ಸಮಾರಂಭಕ್ಕೆ ಬಂದು ಬಯಲಿನಲ್ಲಿ ಕುಳಿತಿದ್ದ ಭಕ್ತರಲ್ಲಿ 14 ಮಂದಿ ತಾಪದ ಆಘಾತದಿಂದ ತೀರಿಕೊಂಡರು. ಅವರು ನಡೆಯುತ್ತಲೂ ಇರಲಿಲ್ಲ, ಕುಳಿತಿದ್ದರು.

ತೋಟದ ಕೆಲಸ ಮಾಡಿ ಪಳಗಿದ ಮೈಗೆ ಇದೆಲ್ಲ ಏನು ಲೆಕ್ಕ ಎನ್ನುವ ಮಾತನ್ನು ನಾವು ಆಗಾಗ ಕೇಳುತ್ತೇವೆ. ಕಾಫಿ ಕೊಯ್ಲಿನ ಶ್ರಮ ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಶ್ರಮ ನಡೆಯುವುದು ಮರಗಳ ನೆರಳಿನಲ್ಲಿ, ಗುಡ್ಡದ ತಂಪಿನಲ್ಲಿ. ಬಲವಾದ ಕಾಲು ಬೇರೆ, ಸೆಕೆಗೆ ಪಳಗಿದ ಮೈ ಬೇರೆ. ಶರೀರವು ತಾಪಕ್ಕೆ ಒಗ್ಗಿಕೊಳ್ಳಲು ಸಾಮಾನ್ಯವಾಗಿ 10ರಿಂದ 14 ದಿನ ಬೇಕು. ಅಷ್ಟರಲ್ಲಿ ಬೆವರು ಬೇಗನೆ ಬರಲಾರಂಭಿಸುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ, ಹೃದಯದ ಬಡಿತ ಹತೋಟಿಗೆ ಬರುತ್ತದೆ. ಆದ್ದರಿಂದ ಯಾತ್ರೆಗೆ ಎರಡು ವಾರ ಮೊದಲೇ ದಿನವೂ ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ಬಿಸಿಲಿನಲ್ಲಿ ನಡೆಯತೊಡಗಬೇಕು. ಮೊದಲ ದಿನ ಅರ್ಧ ಗಂಟೆ, ಬರಬರುತ್ತ ಒಂದು ಗಂಟೆ. ಮುಂಜಾವದ ಮಂಜಿನಲ್ಲಿ ಮಾಡಿದ ನಡಿಗೆ ಕಾಲಿಗೆ ಒಳ್ಳೆಯದು, ಈ ಅಭ್ಯಾಸಕ್ಕೆ ಅದು ಒದಗದು. ಹೀಗೆ ಪಳಗಿದವರು ಕೂಡ ಘಟ್ಟವಿಳಿದ ಮೊದಲ ದಿನ ತಮ್ಮ ನಡಿಗೆಯನ್ನು ನಿಧಾನಗೊಳಿಸಲೇಬೇಕು.

ಬೆಳಕು ಹರಿಯುತ್ತಲೇ ಘಟ್ಟವಿಳಿಯತೊಡಗಿ, ಹನ್ನೊಂದರಿಂದ ನಾಲ್ಕರವರೆಗೆ ನೆರಳಿನಲ್ಲಿ ತಂಗಿ, ಸಂಜೆ ಮುಂದುವರಿಯುವುದು ವಿವೇಕ. ಸಡಿಲವಾದ ಹತ್ತಿಯ ಬಟ್ಟೆ, ಒಂದು ಕೊಡೆ, ಕುತ್ತಿಗೆಗೆ ಒದ್ದೆ ವಸ್ತ್ರ ಇರಲಿ. ಬರಿಗಾಲಿನ ಹರಕೆಯಿದ್ದವರು ಕಾದ ಡಾಂಬರನ್ನು ಬಿಟ್ಟು ರಸ್ತೆಯಂಚಿನ ಮಣ್ಣಿನಲ್ಲಿ ನಡೆಯಲಿ. ಬಾಯಾರುವ ಮೊದಲೇ ಸ್ವಲ್ಪ ಸ್ವಲ್ಪವಾಗಿ, ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್‌ನಷ್ಟು ನೀರು ಕುಡಿಯಬೇಕು. ಬರಿಯ ನೀರನ್ನೇ ಕೊಡಗಟ್ಟಲೆ ಕುಡಿಯುವುದೂ ಅಪಾಯ, ರಕ್ತದ ಉಪ್ಪಿನಂಶ ಅದರಿಂದ ಇಳಿದುಹೋಗುತ್ತದೆ. ಉಪ್ಪು ಹಾಕಿದ ಮಜ್ಜಿಗೆ, ಗಂಜಿ ಉತ್ತಮ. ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದ ಪಾನೀಯವೂ ಆದೀತು. ಕಾಫಿ ಬಿಡಬೇಕೇ ಎಂದು ನಮ್ಮ ಕಡೆಯವರು ಕೇಳದೆ ಇರಲಾರರು! ನಿತ್ಯ ಕುಡಿಯುವವರಿಗೆ ಒಂದೆರಡು ಲೋಟದಿಂದ ಹಾನಿಯಿಲ್ಲ, ಆದರೆ ಅದು ನೀರಿಗೆ ಬದಲಿಯಲ್ಲ.

ಉಪವಾಸದ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇವೆ. ನಡೆಯುವ ದಿನ ನೀರನ್ನೂ ಬಿಟ್ಟು ವ್ರತ ಹಿಡಿಯುವುದು ಸಲ್ಲದು. ವಯೋವೃದ್ಧರು, ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು, ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರು ಹೊರಡುವ ಮೊದಲು ವೈದ್ಯರನ್ನು ಕಾಣಬೇಕು. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಜ್ವರ ಅಥವಾ ಭೇದಿಯಿಂದ ಎದ್ದವರು ಆ ವರ್ಷ ವಾಹನದಲ್ಲಿ ಹೋಗಲಿ.

ಕಾಲಿನ ಸ್ನಾಯು ಹಿಡಿದುಕೊಳ್ಳುವುದು, ತಲೆ ಸುತ್ತು, ವಾಕರಿಕೆ, ತಲೆನೋವು ಕಂಡರೆ ಅಲ್ಲಿಯೇ ನಿಲ್ಲಬೇಕು. ಜೊತೆಯವನು ಅಸಂಬದ್ಧವಾಗಿ ಮಾತಾಡತೊಡಗಿದರೆ, ತೂರಾಡಿದರೆ, ಕಾರಣವಿಲ್ಲದೆ ಸಿಡುಕಿದರೆ ಅದನ್ನು ದಣಿವೆಂದು ತಳ್ಳಿಹಾಕಬಾರದು; ತಾಪವು ಮೆದುಳನ್ನು ಮುಟ್ಟಿದ ಲಕ್ಷಣವದು. ಬೆವರು ನಿಂತರೆ ಮಾತ್ರ ತಾಪಾಘಾತವೆಂಬ ನಂಬಿಕೆಯೂ ತಪ್ಪು. ನಡೆದು ಕುಸಿದವನ ಮೈ ಬೆವರಿನಿಂದ ತೋಯ್ದಿರುವುದೂ ಉಂಟು. ಅಂಥವನಿಗೆ ತಾನು ಅಪಾಯದಲ್ಲಿರುವುದು ತಿಳಿಯುವುದಿಲ್ಲ, ಹರಕೆಯ ಛಲದಿಂದ ನಡೆಯುತ್ತಲೇ ಇರುತ್ತಾನೆ. ಆದ್ದರಿಂದ ತಂಡದಲ್ಲಿ ಇಬ್ಬಿಬ್ಬರು ಜೋಡಿಯಾಗಿ ನಡೆದು ಒಬ್ಬರನ್ನೊಬ್ಬರು ಗಮನಿಸುತ್ತಿರಬೇಕು.

ಅಂಥ ಸಂದರ್ಭದಲ್ಲಿ 108ಕ್ಕೆ ಕರೆ ಮಾಡಿಸಿ, ವಾಹನ ಬರುವವರೆಗೆ ಕಾಯದೆ ತಂಪುಗೊಳಿಸಬೇಕು. ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ತಲೆಯಿಂದ ಕಾಲಿನವರೆಗೆ ನೀರು ಸುರಿದು, ಜೋರಾಗಿ ಗಾಳಿ ಬೀಸಬೇಕು. ಮಂಜುಗಡ್ಡೆ ದೊರೆತರೆ ಕಂಕುಳು, ಕುತ್ತಿಗೆ, ತೊಡೆಸಂದುಗಳಲ್ಲಿ ಇಡಬೇಕು. ಪ್ರಜ್ಞೆ ಮಂದವಾಗಿದ್ದರೆ ಬಾಯಿಗೆ ನೀರು ಹಾಕಕೂಡದು, ಮಗ್ಗುಲಾಗಿ ಮಲಗಿಸಬೇಕು. ಚೇತರಿಸಿಕೊಂಡವನು ಎಷ್ಟೇ ಹಟ ಮಾಡಿದರೂ ಅವನನ್ನು ಮತ್ತೆ ನಡೆಸಬಾರದು, ಆಸ್ಪತ್ರೆಗೆ ಕರೆದೊಯ್ಯಲೇಬೇಕು.