ಗೆರಟೆಯ ಇದ್ದಿಲು: ಒಲೆಗೋ, ಮಣ್ಣಿಗೋ?

ತೆಂಗಿನಕಾಯಿ ಒಡೆಯದ ದಿನ ನಮ್ಮ ಹೊಟೇಲುಗಳಲ್ಲಿ ಇಲ್ಲ. ತುರಿ ಚಟ್ನಿಗೆ, ಗೆರಟೆ ಹಿಂಬಾಗಿಲಿನ ಗೋಣಿಗೆ. ಗಿರಾಕಿ ಸಿಕ್ಕಿದರೆ ಮಾರಾಟ, ಇಲ್ಲದಿದ್ದರೆ ಕಸದ ಗಾಡಿ. ಇದೇ ಗೆರಟೆಯನ್ನು ಹದವಾಗಿ ಸುಟ್ಟು ಇದ್ದಿಲು ಮಾಡಿ ಮಣ್ಣಿಗೆ ಸೇರಿಸಿದರೆ ಗಾಳಿಯ ಇಂಗಾಲವನ್ನು ನೆಲದಲ್ಲಿ ಕೂಡಿಟ್ಟಂತೆ ಎಂಬ ಮಾತು ಈಗ ಕೇಳಿಬರುತ್ತಿದೆ. ಅಂಥ ಇದ್ದಿಲಿಗೆ ಬಯೋಚಾರ್ ಎಂದು ಹೆಸರು. ನಮ್ಮ ವ್ಯವಹಾರದಲ್ಲಿ ಇದಕ್ಕೆ ಎಷ್ಟು ಜಾಗವಿದೆ ಎಂದು ಲೆಕ್ಕ ಹಾಕಿ ನೋಡೋಣ.

ತೆಂಗಿನ ಮರ ಗಾಳಿಯಿಂದ ಹೀರಿದ ಇಂಗಾಲವೇ ಗೆರಟೆಯಲ್ಲಿರುವುದು. ಗೆರಟೆ ಕೊಳೆತರೂ ಉರಿದು ಬೂದಿಯಾದರೂ ಅದು ಮತ್ತೆ ಗಾಳಿಗೆ ಸೇರುತ್ತದೆ. ಗಾಳಿ ಸಾಲದ ಪಾತ್ರೆಯಲ್ಲಿ ಕಾಸಿದರೆ ಮಾತ್ರ ಅನಿಲ ಹೊರಟುಹೋಗಿ, ಇಂಗಾಲದ ಒಂದು ಪಾಲು ಗಟ್ಟಿಯಾಗಿ ಉಳಿಯುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳಿಗೆ ಅದನ್ನು ಅರಗಿಸುವುದು ಬಲು ಕಷ್ಟ. ಅಮೆಜಾನ್ ಕಾಡಿನ ಹಳೆಯ ಕೃಷಿಕರ ಮಣ್ಣಿನಲ್ಲಿ ಸಾವಿರ ವರ್ಷಕ್ಕೂ ಹಿಂದಿನ ಇದ್ದಿಲು ಇವತ್ತಿಗೂ ಇದೆ. ಅಷ್ಟು ದೂರ ಯಾಕೆ, ಊರಲ್ಲಿ ನಮ್ಮ ಹಿರಿಯರು ತರಗೆಲೆ, ಮಣ್ಣು ಒಟ್ಟಿ ನಿಧಾನವಾಗಿ ಸುಟ್ಟು ಬಸಳೆ ಬುಡಕ್ಕೆ ಹಾಕುತ್ತಿದ್ದ ಸುಡುಮಣ್ಣಿನಲ್ಲೂ ಇದ್ದಿಲಿನ ಚೂರುಗಳಿರುತ್ತಿದ್ದವು.

ಪುಣೆಗೂ ಈ ವಿದ್ಯೆ ಹೊಸತಲ್ಲ. ಸಸ್ಯವಿಜ್ಞಾನಿ ಡಾ. ಆನಂದ ಕರ್ವೆಯವರು 1996ರಲ್ಲಿ ಇಲ್ಲಿ ಕಟ್ಟಿದ ‘ಆರ್ತಿ’ ಸಂಸ್ಥೆ, ರೈತರು ಹೊಲದಲ್ಲೇ ಸುಡುತ್ತಿದ್ದ ಕಬ್ಬಿನ ರವದಿಯಿಂದ ಇದ್ದಿಲು ಮಾಡುವ ಭಟ್ಟಿ ರೂಪಿಸಿ 2002ರಲ್ಲಿ ಬ್ರಿಟನ್ನಿನ ಆಶ್ಡೆನ್ ಪ್ರಶಸ್ತಿ ಪಡೆಯಿತು. ಅಡುಗೆ ಮುಗಿದ ಮೇಲೆ ಇದ್ದಿಲು ಉಳಿಸುವ ‘ಸಂಪದಾ’ ಒಲೆಯೂ ಅವರದೇ. ಆದರೆ ರವದಿಯ ಇದ್ದಿಲು ಮಾಡಿದ್ದು ಒಲೆಗೆ. ಉರುವಲಾಗಿ ಸುಟ್ಟರೆ ಇಂಗಾಲ ಗಾಳಿಗೆ ವಾಪಸು, ಮಣ್ಣಿಗೆ ಹೋದರೆ ಮಾತ್ರ ಉಳಿತಾಯ. ಈ ವ್ಯತ್ಯಾಸ ಹೇಳದೆ ಬಯೋಚಾರ್ ಹೊಗಳುವವರ ಮಾತನ್ನು ನಾವು ಅರ್ಧ ಮಾತ್ರ ನಂಬಬೇಕು.

ಈಗ ಲೆಕ್ಕ. ದಿನಕ್ಕೆ 10 ಕಿಲೋ ಒಣ ಗೆರಟೆ ಸಿಗುವ ಹೊಟೇಲು ಎಂದುಕೊಳ್ಳೋಣ. ಸರಿಯಾಗಿ ಸುಟ್ಟರೆ ಸುಮಾರು ಎರಡೂವರೆ ಕಿಲೋ ಇದ್ದಿಲು. ಅದರಲ್ಲಿ ಇಂಗಾಲ ಸುಮಾರು 2 ಕಿಲೋ, ಅಂದರೆ 7 ಕಿಲೋಗಿಂತ ತುಸು ಹೆಚ್ಚು ಕಾರ್ಬನ್ ಡೈಆಕ್ಸೈಡಿಗೆ ಸಮ. ನಮ್ಮ 19 ಕಿಲೋ ಗ್ಯಾಸ್ ಸಿಲಿಂಡರ್ ಒಂದು ಉರಿದು ಮುಗಿಯುವಾಗ ಸುಮಾರು 57 ಕಿಲೋ ಹೊರಬೀಳುತ್ತದೆ. ಎಂಟು ದಿನದ ಗೆರಟೆಗೆ ಒಂದು ಸಿಲಿಂಡರ್! ದಿನಕ್ಕೆ ಎರಡು ಸಿಲಿಂಡರ್ ಖಾಲಿ ಮಾಡುವ ನಾವು ‘ನಮ್ಮದು ಹಸಿರು ಹೊಟೇಲು’ ಎಂದು ಬೋರ್ಡು ಹಾಕುವಷ್ಟು ದೊಡ್ಡ ಲೆಕ್ಕವಲ್ಲ. ಬರ್ನರ್ ಶುಚಿಯಾಗಿಟ್ಟು, ಪಾತ್ರೆಗೆ ಮುಚ್ಚಳ ಹಾಕಿ ಗ್ಯಾಸ್ ಉಳಿಸುವುದು ಮೊದಲ ಕೆಲಸ. ಅದು ಜೇಬಿಗೂ ಲಾಭ. ಇದ್ದಿಲು ಅದರ ನಂತರ.

ಸುಡುವುದೆಲ್ಲಿ ಎಂಬುದೇ ಕಷ್ಟದ ಪ್ರಶ್ನೆ. ಹೊಟೇಲಿನ ಹಿಂದಿನ ಓಣಿಯಲ್ಲಂತೂ ಬೇಡ. ಬಯಲಿನಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಾದರೆ 25,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಆದೇಶಿಸಿತ್ತು. ಮೇಲಾಗಿ ಹೊಗೆಯೇಳುವಂತೆ ಸುಟ್ಟರೆ ಮೀಥೇನ್ ಹೊರಟು ಉಳಿತಾಯವೂ ಹಾಳು. ಮುಚ್ಚಿದ ಡಬ್ಬಿಯಲ್ಲಿ ಗೆರಟೆ ತುಂಬಿ, ಅದರಿಂದ ಹೊರಡುವ ಅನಿಲ ಸುತ್ತಲಿನ ಬೆಂಕಿಯಲ್ಲೇ ಉರಿದುಹೋಗುವಂತೆ ಮಾಡಿದ ಭಟ್ಟಿಯೇ ಸರಿ. ಅದೂ ಊರ ಹೊರಗಿನ ಜಮೀನಿನಲ್ಲಿ. ಹಸಿ ಇದ್ದಿಲನ್ನು, ನಂದಿಸಿದ ತಕ್ಷಣದ ಇದ್ದಿಲನ್ನು ಕೋಣೆಯೊಳಗೆ ತಂದಿಡಲೇಬಾರದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಪಕ್ಕದಲ್ಲಿ ಮಲಗಿದ ಹುಡುಗರ ಜೀವಕ್ಕೇ ಅಪಾಯ. ಚೆನ್ನಾಗಿ ಬೆಂದ ಇದ್ದಿಲು ಟಣ್ ಎಂದು ಮುರಿಯುತ್ತದೆ, ಕೈಗೆ ಹತ್ತಿದ ಮಸಿ ನೀರಿನಲ್ಲೇ ಹೋಗುತ್ತದೆ. ಕಂದು ಬಣ್ಣ, ಟಾರಿನ ವಾಸನೆ ಇದ್ದರೆ ಅರೆಬೆಂದದ್ದು. ಬಣ್ಣ ಬಳಿದ ಕಟ್ಟಿಗೆ, ಪ್ಲೈವುಡ್ ಸೇರಿಸಬಾರದು. ಎಂಜಲು, ಕಾಫಿ ಚರಟ ಇದಕ್ಕಲ್ಲ, ಅವುಗಳ ನೀರು ಆರಿಸಲಿಕ್ಕೇ ಸೌದೆ ಬೇಕು. ಅವು ಕಾಂಪೋಸ್ಟಿಗೆ ಅಥವಾ ಬಯೋಗ್ಯಾಸಿಗೆ ಹೋಗಲಿ. ಅಡುಗೆಮನೆ ಕಸದ ಬಯೋಗ್ಯಾಸಿಗೆ 2006ರಲ್ಲಿ ಆರ್ತಿಗೆ ಇನ್ನೊಂದು ಆಶ್ಡೆನ್ ಪ್ರಶಸ್ತಿ ಬಂದಿದೆ.

ತಂದೂರ್ ಇರುವವರಿಗೆ ಭಟ್ಟಿಯೂ ಬೇಡ. ರಾತ್ರಿ ಉಳಿದ ಕಟ್ಟಿಗೆ ಇದ್ದಿಲನ್ನು ಬೂದಿಯಾಗಲು ಬಿಡದೆ, ಹೊರಗೆ ತೆಗೆದು ನೀರು ಹೊಯ್ದು ನಂದಿಸಿದರಾಯಿತು.

ಪುಡಿ ಮಾಡಿದ ಇದ್ದಿಲನ್ನು ಕಾಂಪೋಸ್ಟ್ ಡ್ರಮ್ಮಿನ ಹಸಿ ಕಸದ ಮೇಲೆ ತೆಳುವಾಗಿ ಉದುರಿಸಿ. ನೀರು ಹೀರುತ್ತದೆ, ವಾಸನೆ ತಗ್ಗುತ್ತದೆ, ಗೊಬ್ಬರದೊಂದಿಗೆ ತಾನೂ ಹದವಾಗುತ್ತದೆ. ಬರಿ ಇದ್ದಿಲನ್ನೇ ಕುಂಡಕ್ಕೆ ಹಾಕಿದರೆ ಗಿಡದ ಸಾರಜನಕವನ್ನು ಅದೇ ಹೀರಿ ಎಲೆ ಹಳದಿಯಾದೀತು. ಗೋಮೂತ್ರ ಅಥವಾ ಗೊಬ್ಬರದಲ್ಲಿ ಎರಡು ಮೂರು ವಾರ ನೆನೆಸಿ, ಹತ್ತು ಪಾಲು ಮಣ್ಣಿಗೆ ಒಂದು ಪಾಲು ಸಾಕು. ಇದ್ದಿಲು ಕ್ಷಾರ ಗುಣದ್ದು. ಪುಣೆ ಸುತ್ತಲಿನ ಕಪ್ಪು ಮಣ್ಣು ಮೊದಲೇ ಕ್ಷಾರದ ಕಡೆಗೆ, ಹಾಗಾಗಿ ಇಲ್ಲಿ ಕೈ ಹಿಡಿದು ಹಾಕಬೇಕು. ಕರಾವಳಿಯ ಹುಳಿ ಮುರಕಲ್ಲು ಮಣ್ಣಿಗೆ ಇದು ಹೆಚ್ಚು ಒಗ್ಗುತ್ತದೆ.

ಗೆರಟೆಗೆ ಒಳ್ಳೆಯ ದರ ಸಿಗುವವರು ಮಾರುವುದೇ ಒಳಿತು. ಸಿಗದವರು ನಾಲ್ಕೈದು ಹೊಟೇಲಿನವರು ಸೇರಿ, ಊರ ಹೊರಗೆ ಜಮೀನಿರುವ ಸದಸ್ಯರೊಬ್ಬರನ್ನು ಹುಡುಕಿ, ವಾರಕ್ಕೊಂದು ಟೆಂಪೋ ಗೊತ್ತುಮಾಡಿಕೊಳ್ಳಬಹುದು. ಗೋಣಿ ಮಳೆಗೆ ನೆನೆಯದ ಹಾಗೆ ಇಡಬೇಕು, ಅಷ್ಟೆ.