ಮೊದಲು ಮಾದರಿ, ಅನಂತರ ಗುತ್ತಿಗೆ

ಸರ್ಕಾರಿ ಕಚೇರಿಗೆ ತಂತ್ರಾಂಶ ಬೇಕೆಂದಾಗ ನಾವು ಮೊದಲು ಮಾಡುತ್ತಿದ್ದುದು, ಅಗತ್ಯಗಳ ದಪ್ಪ ಕಡತ ಸಿದ್ಧಪಡಿಸಿ ಟೆಂಡರ್ ಕರೆಯುವುದು. ಆದರೆ ಏನು ಬೇಕೆಂದು ಕೇಳಿದರೆ ಗುಮಾಸ್ತನಿಗೆ ಹೇಳಲು ತೋಚದು. ಅರೆಬರೆ ಪರದೆಯೊಂದನ್ನು ಮುಂದಿಟ್ಟರೆ, ‘ಜಂಟಿ ಖಾತೆದಾರರ ಹೆಸರುಗಳನ್ನು ಎಲ್ಲಿ ನಮೂದಿಸಲಿ?’ ಎಂದು ತಕ್ಷಣ ಕೇಳುತ್ತಾನೆ. ಏನನ್ನು ಕಟ್ಟಬೇಕೆಂಬ ನಿರ್ಧಾರವೇ ತಂತ್ರಾಂಶ ನಿರ್ಮಾಣದ ಅತಿ ಕಠಿಣ ಭಾಗವೆಂದು ಫ್ರೆಡ್ ಬ್ರೂಕ್ಸ್ 1986ರಲ್ಲೇ ವಾದಿಸಿ, ಮಾದರಿಗಳ ಮಾರ್ಗವನ್ನು ಸೂಚಿಸಿದ್ದರು.

‘ಭೂಮಿ’ ಯೋಜನೆಯ ಕೇಂದ್ರಗಳಲ್ಲಿ ರೈತನತ್ತ ತಿರುಗಿಸಿದ ಎರಡನೆಯ ಪರದೆಯಿತ್ತು. ತನ್ನ ಪಹಣಿಯ ವಿವರವನ್ನು ಅವನೇ ನೋಡಬಹುದಿತ್ತು. ತಂತ್ರಾಂಶ ರೂಪುಗೊಳ್ಳುವಾಗಲೂ ಅವನಿಗೆ ಆ ಅವಕಾಶ ಬೇಕು. ಮಾದರಿಯಲ್ಲಿ ಬಿಟ್ಟುಹೋದ ಅಂಕಣವನ್ನು ಸುಲಭವಾಗಿ ಸೇರಿಸಬಹುದು. ಗುತ್ತಿಗೆಗೆ ಸಹಿ ಬಿದ್ದ ಮೇಲೆ ಅದೇ ಕೊರತೆ ರೈತನ ಸಾಲದ ಅರ್ಜಿಯನ್ನು ತಡೆಹಿಡಿಯಬಲ್ಲದು. ಆದ್ದರಿಂದ ಗುತ್ತಿಗೆಗೆ ಮುನ್ನವೇ ಮಾದರಿಗೆ ಹಣ, ಕಾಲ ಮೀಸಲಿಡುವುದು ಅಗತ್ಯ.