ಕಾದಂಬರಿ ಇತಿಹಾಸವಾದದ್ದು ಹೇಗೆ?

ಪ್ರಶ್ನೆ: ‘ದ ಡಾ ವಿಂಚಿ ಕೋಡ್’ ಕಟ್ಟುಕತೆ. ಆದರೂ ಅನೇಕ ಓದುಗರು ಅದನ್ನು ನಿಜವೆಂದು ನಂಬಿದ್ದೇಕೆ?

ಉತ್ತರ: ಡ್ಯಾನ್ ಬ್ರೌನ್ ಅವರ ಈ ಕಾದಂಬರಿ ಪ್ರಕಟವಾದದ್ದು 2003ರಲ್ಲಿ. ಯೇಸುಕ್ರಿಸ್ತ ಮಗ್ದಲದ ಮರಿಯಳನ್ನು ಮದುವೆಯಾಗಿದ್ದ, ಆ ಗುಟ್ಟನ್ನು ಚರ್ಚ್ ಮುಚ್ಚಿಟ್ಟಿತು ಎಂಬುದು ಕತೆಯ ತಿರುಳು.

ನಂಬಿಕೆಯ ಬೀಜ ಬೀಳುವುದು ಕತೆ ಶುರುವಾಗುವ ಮುನ್ನವೇ. ಇದರಲ್ಲಿನ ಕಲಾಕೃತಿ, ಕಟ್ಟಡ, ದಾಖಲೆಗಳ ವಿವರಗಳು ನಿಖರ ಎಂದು ಮೊದಲಿಗೇ ಒಂದು ಪುಟ ಸಾರುತ್ತದೆ. ಮುಂದೆ ಬರುವ ಲೂವ್ರ್ ಮ್ಯೂಸಿಯಂ, ಡಾ ವಿಂಚಿಯ ‘ಕೊನೆಯ ಭೋಜನ’ದ ಚಿತ್ರ ಎಲ್ಲವೂ ನಿಜವೇ. ಹಾಲಿಗೆ ನೀರು ಬೆರೆಸಿದರೂ ಲೋಟದಲ್ಲಿ ಕಾಣುವುದು ಹಾಲಿನ ಬಣ್ಣವೇ. ಹಾಗೆಯೇ ನಿಜದ ನಡುವೆ ಸೇರಿದ ಕಲ್ಪನೆಗೂ ನಿಜದ ಬಣ್ಣ ಬರುತ್ತದೆ.

ಉದಾಹರಣೆಗೆ, ಕತೆಯಲ್ಲಿ 1099ರಿಂದ ಆ ಗುಟ್ಟು ಕಾಯುತ್ತಿದೆ ಎನ್ನಲಾದ ‘ಪ್ರಯರಿ ಆಫ್ ಸಿಯೋನ್’ ಎಂಬ ಸಂಘ ಫ್ರಾನ್ಸಿನಲ್ಲಿ ನೋಂದಣಿಯಾದದ್ದು 1956ರಲ್ಲಿ. ಅದಕ್ಕೆ ಪುರಾತನ ವಂಶಾವಳಿ ಕಟ್ಟಲು ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಸುಳ್ಳು ಕಾಗದಗಳನ್ನು ಸೇರಿಸಲಾಗಿತ್ತು.

ಇನ್ನೊಂದು ಕಾರಣ ಒಗಟು. ನಾಯಕನ ಜೊತೆ ಓದುಗರೂ ಸುಳಿವು ಬಿಡಿಸುತ್ತಾರೆ. ತಾವೇ ಕಂಡುಕೊಂಡದ್ದೆಂದು ಅನ್ನಿಸಿದ್ದನ್ನು ಅನುಮಾನಿಸುವುದು ಕಷ್ಟ.

ಪರಿಣಾಮವಾಗಿ ಓದುಗರು ಕತೆಯ ಜಾಡು ಹಿಡಿದು ಹೊರಟರು. ಕತೆಯಲ್ಲಿ ಬರುವ ಸ್ಕಾಟ್ಲೆಂಡಿನ ರಾಸ್ಲಿನ್ ಚಾಪೆಲ್‌ಗೆ ಜನ ಮುಗಿಬಿದ್ದರು. ಪ್ಯಾರಿಸಿನ ಸೇಂಟ್ ಸುಲ್ಪಿಸ್ ಚರ್ಚ್, ತನ್ನ ನೆಲದ ಹಿತ್ತಾಳೆ ಗೆರೆ ಕಾದಂಬರಿ ಹೇಳುವ ಪ್ರಾಚೀನ ದೇಗುಲದ ಕುರುಹಲ್ಲವೆಂದು ಫಲಕ ಹಾಕಬೇಕಾಯಿತು. ಅದು ಬಿಸಿಲಿನ ಚಲನೆ ನೋಡಿ ಈಸ್ಟರ್ ದಿನ ಲೆಕ್ಕಹಾಕಲು 18ನೇ ಶತಮಾನದಲ್ಲಿ ಕೂಡಿಸಿದ ಗೆರೆ. ಕೆಲವರ ಧರ್ಮಶ್ರದ್ಧೆ ಅಲುಗಾಡಿದರೆ, ಇನ್ನು ಕೆಲವರು ನಿಜವೇನೆಂದು ತಿಳಿಯಲು ಬೈಬಲನ್ನೇ ತೆರೆದರು.